ಲಾಗಿನ್ ಆದ ಕೂಡಲೇ ಪ್ರೋಗ್ರಾಂ ತಾನಾಗಿಯೇ ಶುರುವಾಗಬೇಕಾ? ಲಿನಕ್ಸ್ ಆಟೋಸ್ಟಾರ್ಟ್, ಬುಡದಿಂದ ತುದಿವರೆಗೆ

ಅಪ್ಪನ ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟ ಮೊದಲ ವಾರ ದಿನಾ ಬೆಳಗ್ಗೆ ಫೋನ್. "ಕನ್ನಡ ಬರ್ತಾ ಇಲ್ಲ ಕಣೋ, ನಿನ್ನೆ ಬರ್ತಿತ್ತು." ನಿನ್ನೆ ಬರುತ್ತಿದ್ದದ್ದು ನಾನು ಪಕ್ಕದಲ್ಲಿ ಕೂತು ಟರ್ಮಿನಲ್ಲಿನಲ್ಲಿ ಐಬಸ್ (ಕನ್ನಡ ಟೈಪ್ ಮಾಡಲು ಬೇಕಾದ ಪ್ರೋಗ್ರಾಂ) ಅನ್ನು ಕೈಯಾರೆ ಎಬ್ಬಿಸಿದ್ದರಿಂದ. ರಾತ್ರಿ ಲ್ಯಾಪ್‌ಟಾಪ್ ಆರಿಸಿದರು, ಅದೂ ಹೋಯಿತು. ಬೆಳಗ್ಗೆ ಅದನ್ನು ಎಬ್ಬಿಸುವವರು ಯಾರೂ ಇರಲಿಲ್ಲ.

ಈ ಒಂದು ಸಣ್ಣ ತಲೆನೋವಿನಿಂದ ಶುರುವಾಗಿ, ಲಾಗಿನ್ ಆದಾಗ ಯಾವುದು ಏಳಬೇಕು, ಯಾವುದು ಏಳಬಾರದು, ಏಳದಿದ್ದರೆ ಯಾಕೆ ಅನ್ನುವುದನ್ನೆಲ್ಲ ಕಲಿತೆ. ಬಹುಪಾಲು ಡೆಸ್ಕ್‌ಟಾಪುಗಳಲ್ಲಿ (ಅಂದರೆ ಮೆನು, ಪ್ಯಾನೆಲ್, ಕಿಟಕಿ ಎಲ್ಲ ನೋಡಿಕೊಳ್ಳುವ ವ್ಯವಸ್ಥೆಗಳಲ್ಲಿ) ಇದಕ್ಕೊಂದು ಸೆಟ್ಟಿಂಗ್ಸ್ ಕಿಟಕಿ ಇರುತ್ತದೆ. ಆದರೆ ಆ ಕಿಟಕಿಗಳೆಲ್ಲ ಮಾಡುವುದು ಒಂದೇ ಕೆಲಸ: ನಿಮ್ಮ ಹೋಮ್ ಫೋಲ್ಡರಿನಲ್ಲಿ ಒಂದು ಕಡೆ ನಾಲ್ಕು ಸಾಲಿನ ಪುಟ್ಟ ಫೈಲು ಬರೆದಿಡುವುದು. ಆ ಫೈಲು ಅರ್ಥವಾಯಿತು ಅಂದರೆ ಯಾವ ಡೆಸ್ಕ್‌ಟಾಪಿಗೆ ಹೋದರೂ ತಡಕಾಡಬೇಕಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಮಾಂಡು, ಫೋಲ್ಡರು, ಕೀಲಿಪದ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಎಲ್ಲಿ ಕಾಗುಣಿತ ತಪ್ಪುವ ಸಾಧ್ಯತೆ ಇದೆಯೋ ಅಲ್ಲಿ ಬಿಡಿಸಿ ಹೇಳಿದ್ದೇನೆ.

ಮೊದಲು ನಿಮ್ಮ ಡೆಸ್ಕ್‌ಟಾಪ್ ಯಾವುದು ನೋಡಿಕೊಳ್ಳಿ

ಟರ್ಮಿನಲ್ ತೆರೆದು, ಎಕೋ ಅಂತ ಹಾಕಿ, ಒಂದು ಸ್ಪೇಸ್ ಬಿಟ್ಟು, ಡಾಲರ್ ಚಿಹ್ನೆ ಹಾಕಿ ಎಕ್ಸ್‌ಡಿಜಿ, ಕರೆಂಟ್, ಡೆಸ್ಕ್‌ಟಾಪ್ ಅನ್ನುವ ಮೂರನ್ನೂ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್ ಇಟ್ಟು ಬರೆಯಿರಿ. ಎಂಟರ್ ಒತ್ತಿದರೆ ಎಕ್ಸ್‌ಎಫ್‌ಸಿಇ, ಗ್ನೋಮ್, ಕೆಡಿಇ, ಎಕ್ಸ್-ಸಿನಮನ್ ಹೀಗೆ ಏನೋ ಒಂದು ಬರುತ್ತದೆ. ಅದೇ ಥರ ಎಕ್ಸ್‌ಡಿಜಿ, ಸೆಶನ್, ಟೈಪ್ ಅಂತ ಕೇಳಿದರೆ ಪರದೆಯ ಮೇಲೆ ಕಿಟಕಿ ಮೂಡಿಸುವ ಎರಡು ವ್ಯವಸ್ಥೆಗಳಲ್ಲಿ ನೀವು ಹಳೆಯ ಎಕ್ಸ್11 ಮೇಲೆ ಇದ್ದೀರೋ ಹೊಸ ವೇಲ್ಯಾಂಡ್ ಮೇಲೆ ಇದ್ದೀರೋ ಗೊತ್ತಾಗುತ್ತದೆ. ಇದು ಮುಖ್ಯ. ರೆಡ್‌ಶಿಫ್ಟ್, ಎಕ್ಸ್‌ಡುಟೂಲ್, ಸೆಟ್‌ಎಕ್ಸ್‌ಕೆಬಿಮ್ಯಾಪ್ ಥರದವು ಎಕ್ಸ್11ಗಾಗಿ ಹುಟ್ಟಿದವು. ವೇಲ್ಯಾಂಡಿನಲ್ಲಿ ಅವು ಶುರುವಾದರೂ ಅಂದುಕೊಂಡ ಕೆಲಸ ಮಾಡುವುದಿಲ್ಲ. ಆಮೇಲೆ ಆಟೋಸ್ಟಾರ್ಟ್ ಸರಿ ಇಲ್ಲ ಅಂತ ಅದನ್ನು ಬೈದು ಏನು ಪ್ರಯೋಜನ?

ಮೌಸಿನಲ್ಲೇ ಮುಗಿಸುವ ದಾರಿ

ಅಪ್ಪನದ್ದು ಎಕ್ಸ್‌ಎಫ್‌ಸಿಇ, ಹಾಗಾಗಿ ಅದನ್ನೇ ವಿವರವಾಗಿ ಹೇಳುತ್ತೇನೆ.

ಮೆನುವಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಸೆಶನ್ ಅಂಡ್ ಸ್ಟಾರ್ಟಪ್. ಅಲ್ಲಿ ಅಪ್ಲಿಕೇಶನ್ ಆಟೋಸ್ಟಾರ್ಟ್ ಅಂತ ಒಂದು ಟ್ಯಾಬ್ ಇದೆ. ಈಗಾಗಲೇ ಶುರುವಾಗುತ್ತಿರುವವುಗಳ ಉದ್ದ ಪಟ್ಟಿ ಕಾಣುತ್ತದೆ, ಒಂದೊಂದರ ಪಕ್ಕ ಟಿಕ್ ಗುರುತು. ಸೇರಿಸುವ ಗುಂಡಿ ಒತ್ತಿ. ಹೆಸರು ಕೇಳುತ್ತದೆ, ಏನಾದರೂ ಕೊಡಿ. ವಿವರಣೆ ಖಾಲಿ ಬಿಟ್ಟರೂ ನಡೆಯುತ್ತದೆ. ಕಮಾಂಡ್ ಅನ್ನುವ ಜಾಗದಲ್ಲಿ ಪ್ರೋಗ್ರಾಮಿನ ಹೆಸರು. ಕೊನೆಯಲ್ಲಿ ಟ್ರಿಗರ್ ಅಂತ ಒಂದಿರುತ್ತದೆ, ಅದು ಆನ್ ಲಾಗಿನ್ ಅಂತ ಇರಲಿ. ಈ ಟ್ರಿಗರ್ ನನಗೆ ತುಂಬಾ ಇಷ್ಟವಾದದ್ದು. ಲಾಗೌಟ್ ಆಗುವಾಗ, ಸಸ್ಪೆಂಡ್ ಆಗುವಾಗ, ಶಟ್‌ಡೌನ್ ಆಗುವಾಗ ಏನಾದರೂ ನಡೆಯಬೇಕು ಅಂದರೂ ಇಲ್ಲೇ ಹೇಳಬಹುದು. ಬೇರೆ ಡೆಸ್ಕ್‌ಟಾಪುಗಳಲ್ಲಿ ಇಷ್ಟು ಸಲೀಸಿಲ್ಲ.

ಅಪ್ಪನ ಐಬಸ್‌ಗೆ ನಾನು ಕೊಟ್ಟ ಕಮಾಂಡ್: ಐಬಸ್-ಡೀಮನ್, ಸ್ಪೇಸ್, ಹೈಫನ್, ಡಿ ಆರ್ ಎಕ್ಸ್. ಡಿ ಅಂದರೆ ಹಿನ್ನೆಲೆಗೆ ಹೋಗು, ಆರ್ ಅಂದರೆ ಮೊದಲೇ ಒಂದು ಓಡುತ್ತಿದ್ದರೆ ಅದರ ಜಾಗ ತಗೋ, ಎಕ್ಸ್ ಅಂದರೆ ಹಳೇ ಎಕ್ಸ್ ಪ್ರೋಗ್ರಾಮುಗಳಿಗೂ ಸೇವೆ ಮಾಡು. ಸೇವ್ ಮಾಡಿ, ಲಾಗೌಟ್ ಆಗಿ, ಮತ್ತೆ ಲಾಗಿನ್. ಪ್ಯಾನೆಲ್ಲಿನಲ್ಲಿ ಐಬಸ್ ಚಿಹ್ನೆ ಬಂತು. ಕನ್ನಡ ಮಾತ್ರ ಅರ್ಧ ಕಡೆ ಬಂತು, ಅರ್ಧ ಕಡೆ ಬರಲಿಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ಉಳಿದವು ಬೇಗ ಹೇಳಿಬಿಡುತ್ತೇನೆ. ಲಿನಕ್ಸ್ ಮಿಂಟಿನ ಸಿನಮನ್‌ನಲ್ಲಿ ಮೆನು ತೆಗೆದು ಸ್ಟಾರ್ಟಪ್ ಅಪ್ಲಿಕೇಶನ್ಸ್ ಅಂತ ಹುಡುಕಿ. ಇಲ್ಲಿ ಎಷ್ಟು ಸೆಕೆಂಡು ತಡವಾಗಿ ಶುರುವಾಗಬೇಕು ಅನ್ನುವುದನ್ನೂ ಅಲ್ಲೇ ಕೊಡಬಹುದು, ಅದೊಂದು ದೊಡ್ಡ ಅನುಕೂಲ. ಉಬುಂಟು 22.04, 24.04ರಲ್ಲೂ ಅದೇ ಹೆಸರಿನ ಪ್ರೋಗ್ರಾಂ ಇದೆ. ಕೆಡಿಇ ಪ್ಲಾಸ್ಮಾದಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು ಹುಡುಕುವ ಜಾಗದಲ್ಲಿ ಆಟೋಸ್ಟಾರ್ಟ್ ಅಂತ ಬರೆದರೆ ಸಾಕು. ಅಲ್ಲಿ ಅಪ್ಲಿಕೇಶನ್, ಲಾಗಿನ್ ಸ್ಕ್ರಿಪ್ಟ್, ಲಾಗೌಟ್ ಸ್ಕ್ರಿಪ್ಟ್ ಅಂತ ಬೇರೆ ಬೇರೆ ಸೇರಿಸಬಹುದು. ಬೇರೆ ಡಿಸ್ಟ್ರೊಗಳ (ಡೆಬಿಯನ್, ಉಬುಂಟು, ಮಿಂಟ್ ಥರದ ಲಿನಕ್ಸ್ ರೂಪಗಳ) ಗ್ನೋಮ್‌ನಲ್ಲಿ ಇಂಥ ಕಿಟಕಿ ಸಿಗದಿದ್ದರೂ ಯೋಚನೆ ಬೇಡ, ಮುಂದೆ ಹೇಳುವ ಫೈಲಿನ ದಾರಿ ಅಲ್ಲೂ ನಡೆಯುತ್ತದೆ.

ಅದಕ್ಕೂ ಮೊದಲು ಇನ್ನೊಂದು ವಿಷಯ. ಎಷ್ಟೋ ಪ್ರೋಗ್ರಾಮುಗಳ ಸೆಟ್ಟಿಂಗ್ಸ್ ಒಳಗೇ ಲಾಗಿನ್ ಆದಾಗ ಶುರುವಾಗು ಅಂತ ಟಿಕ್ ಹಾಕುವ ಜಾಗ ಇರುತ್ತದೆ. ಅದಿದ್ದರೆ ಅದನ್ನೇ ಬಳಸಿ. ಎರಡೂ ಕಡೆ ಹಾಕಿದರೆ ಎರಡೆರಡು ಸಲ ಏಳಬಹುದು.

ಆ ಫೋಲ್ಡರಿನೊಳಗೆ ಏನಿದೆ

ಫೈಲ್ ಮ್ಯಾನೇಜರಿನಲ್ಲಿ ಹೋಮ್ ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಎಚ್ ಒತ್ತಿ. ಕೆಡಿಇಯ ಡಾಲ್ಫಿನ್ ಆದರೆ ಆಲ್ಟ್ ಮತ್ತು ಡಾಟ್. ಚುಕ್ಕೆಯಿಂದ ಶುರುವಾಗುವ ಅಡಗಿದ ಫೋಲ್ಡರುಗಳು ಕಾಣುತ್ತವೆ. ಅದರಲ್ಲಿ ~/.ಕಾನ್ಫಿಗ್ ಒಳಗೆ ಆಟೋಸ್ಟಾರ್ಟ್ ಅಂತ ಒಂದಿದೆ. ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ, ಎಲ್ಲ ಸಣ್ಣಕ್ಷರದಲ್ಲಿ. ನೀವು ಈಗಷ್ಟೇ ಮೌಸಿನಲ್ಲಿ ಸೇರಿಸಿದ್ದು ಇಲ್ಲಿ ಒಂದು ಫೈಲಾಗಿ ಕೂತಿರುತ್ತದೆ.

ಇದು ಯಾವುದೋ ಒಂದು ಡೆಸ್ಕ್‌ಟಾಪಿನ ಸ್ವಂತ ಪದ್ಧತಿಯಲ್ಲ. ಫ್ರೀಡೆಸ್ಕ್‌ಟಾಪ್ ಅನ್ನುವ ಜಾಗದಲ್ಲಿ ಎಲ್ಲರೂ ಸೇರಿ ಒಪ್ಪಿಕೊಂಡ ನಿಯಮ. ಅದಕ್ಕೇ ಅಲ್ಲಿ ಕೈಯಾರೆ ಬರೆದಿಟ್ಟ ಫೈಲನ್ನು ಎಕ್ಸ್‌ಎಫ್‌ಸಿಇಯೂ ಓದುತ್ತದೆ, ಕೆಡಿಇ ಕೂಡ ಓದುತ್ತದೆ. ಒಂದೇ ಯಂತ್ರದಲ್ಲಿ ಎರಡು ಡೆಸ್ಕ್‌ಟಾಪ್ ಹಾಕಿಕೊಂಡವರಿಗೆ ಇದೇ ವರ, ಇದೇ ಕಾಟ.

ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಿರಿ. ಮೊದಲ ಸಾಲು ಚೌಕ ಬ್ರಾಕೆಟ್ಟಿನೊಳಗೆ ಡೆಸ್ಕ್‌ಟಾಪ್ ಎಂಟ್ರಿ, ಎರಡೂ ಪದದ ಮೊದಲ ಅಕ್ಷರ ದೊಡ್ಡದು, ನಡುವೆ ಸ್ಪೇಸ್. ಅದರ ಕೆಳಗೆ ಒಂದೊಂದು ಸಾಲಿಗೆ ಒಂದೊಂದು ವಿಷಯ, ಸಮ ಚಿಹ್ನೆಯ ಎಡಕ್ಕೆ ಕೀಲಿ, ಬಲಕ್ಕೆ ಬೆಲೆ. ಬೇಕೇ ಬೇಕಾದದ್ದು ಮೂರು:

ಟೈಪ್=ಅಪ್ಲಿಕೇಶನ್
ನೇಮ್=ಕನ್ನಡ ಕೀಲಿಮಣೆ
ಎಕ್ಸೆಕ್=ಐಬಸ್-ಡೀಮನ್ -ಡಿಆರ್‌ಎಕ್ಸ್

ಎಕ್ಸೆಕ್ ಅಂದರೆ ಇ, ಎಕ್ಸ್, ಇ, ಸಿ, ಮೊದಲ ಇ ದೊಡ್ಡದು. ನೇಮ್ ಸಾಲಿನ ಬಲಗಡೆ ಇರುವುದನ್ನು ಮಾತ್ರ ನಿಜವಾಗಿಯೂ ಕನ್ನಡದಲ್ಲೇ ಬರೆಯಬಹುದು. ಅಪ್ಪನ ಪಟ್ಟಿಯಲ್ಲಿ ಅದು ಕನ್ನಡ ಕೀಲಿಮಣೆ ಅಂತಲೇ ಕಾಣುತ್ತದೆ. ಎಂದಾದರೂ ಅಕಸ್ಮಾತ್ ಟಿಕ್ ತೆಗೆದರೆ ಏನು ತೆಗೆದೆ ಅಂತ ಅವರಿಗೇ ಗೊತ್ತಾಗಲಿ ಅಂತ ಹಾಗೆ ಮಾಡಿದ್ದು. ಫೈಲಿನ ಹೆಸರು ಮಾತ್ರ ಇಂಗ್ಲಿಷಿನಲ್ಲಿ, ಸ್ಪೇಸ್ ಇಲ್ಲದೆ ಇರಲಿ, ಕೊನೆಗೆ ಡಾಟ್ ಡೆಸ್ಕ್‌ಟಾಪ್ ಅಂತ ಇರಲೇಬೇಕು. ಎಡಿಟರು ಅದರ ಬಾಲಕ್ಕೆ ಡಾಟ್ ಟಿಎಕ್ಸ್‌ಟಿ ಸೇರಿಸಿಬಿಟ್ಟರೆ ಆ ಫೈಲನ್ನು ಯಾರೂ ತಿರುಗಿಯೂ ನೋಡುವುದಿಲ್ಲ.

ಫೈಲನ್ನು ಕೈಯಲ್ಲಿ ಬರೆಯಲು ಬೇಜಾರಾ? /ಯುಎಸ್‌ಆರ್/ಶೇರ್/ಅಪ್ಲಿಕೇಶನ್ಸ್ ಒಳಗೆ ನಿಮ್ಮ ಮೆನುವಿನಲ್ಲಿ ಇರುವ ಬಹುಪಾಲು ಪ್ರೋಗ್ರಾಮುಗಳ ಇಂಥದ್ದೇ ಫೈಲುಗಳಿವೆ. ಬೇಕಾದದ್ದನ್ನು ಅಲ್ಲಿಂದ ಕಾಪಿ ಮಾಡಿ ಆಟೋಸ್ಟಾರ್ಟ್ ಫೋಲ್ಡರಿಗೆ ಹಾಕಿ. ಮುಗಿಯಿತು. ಗ್ನೋಮ್ ಬಳಸುವವರಿಗೆ ನಾನು ಹೇಳುವುದು ಇದೇ ದಾರಿ. ಫ್ಲ್ಯಾಟ್‌ಪ್ಯಾಕ್ (ಪ್ರೋಗ್ರಾಂ ಹಾಕಿಕೊಳ್ಳುವ ಇನ್ನೊಂದು ವಿಧಾನ) ಮೂಲಕ ಹಾಕಿದ್ದರೆ ಅವುಗಳ ಫೈಲು ಅಲ್ಲಿ ಇರುವುದಿಲ್ಲ, /ವಿಎಆರ್/ಲಿಬ್/ಫ್ಲ್ಯಾಟ್‌ಪ್ಯಾಕ್/ಎಕ್ಸ್‌ಪೋರ್ಟ್ಸ್ ಒಳಗೆ ಹುಡುಕಬೇಕು.

ಇನ್ನೆರಡು ಕೀಲಿ ತಿಳಿದಿರಲಿ. ಓನ್ಲಿಶೋಇನ್ ಅನ್ನುವ ಸಾಲಿನಲ್ಲಿ ಎಕ್ಸ್‌ಎಫ್‌ಸಿಇ ಅಂತ ದೊಡ್ಡಕ್ಷರದಲ್ಲಿ ಬರೆದು ಕೊನೆಗೆ ಅರ್ಧವಿರಾಮ (;) ಹಾಕಿದರೆ ಆ ಪ್ರೋಗ್ರಾಂ ಆ ಡೆಸ್ಕ್‌ಟಾಪಿನಲ್ಲಿ ಮಾತ್ರ ಏಳುತ್ತದೆ. ನಾಟ್‌ಶೋಇನ್ ಅದರ ಉಲ್ಟಾ. ಮೊದಲು ಹೇಳಿದೆನಲ್ಲ, ಎರಡು ಡೆಸ್ಕ್‌ಟಾಪ್ ಇಟ್ಟುಕೊಂಡವರ ಕಾಟ ಅಂತ, ಅದಕ್ಕೆ ಮದ್ದು ಇದು.

ಎಕ್ಸೆಕ್ ಸಾಲು ಅಂದರೆ ಟರ್ಮಿನಲ್ ಅಲ್ಲ

ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ, ಅದೂ ಒಂದು ಇಡೀ ಸಂಜೆ.

ಟರ್ಮಿನಲ್ಲಿನಲ್ಲಿ ಒಂದು ಕಮಾಂಡ್ ಸೊಗಸಾಗಿ ಓಡುತ್ತದೆ. ಅದನ್ನೇ ಕಾಪಿ ಮಾಡಿ ಎಕ್ಸೆಕ್ ಸಾಲಿಗೆ ಹಾಕುತ್ತೀರಿ. ಲಾಗಿನ್ ಆದರೆ ಏನೂ ಆಗುವುದಿಲ್ಲ, ಒಂದು ತಪ್ಪು ಸಂದೇಶ ಕೂಡ ಇಲ್ಲ. ಯಾಕೆ ಅಂದರೆ ಟರ್ಮಿನಲ್ಲಿನಲ್ಲಿ ನಿಮ್ಮ ಮತ್ತು ಕಮಾಂಡಿನ ನಡುವೆ ಬ್ಯಾಶ್ ಅನ್ನುವ ಶೆಲ್ ಕೂತಿರುತ್ತದೆ. ~ ಚಿಹ್ನೆಯನ್ನು ಹೋಮ್ ಫೋಲ್ಡರ್ ಅಂತ ಅರ್ಥ ಮಾಡಿಕೊಳ್ಳುವುದು ಅದು. ಡಾಲರ್ ಹೋಮ್ ಅಂದರೆ ಏನು ಅಂತ ಗೊತ್ತಿರುವುದು ಅದಕ್ಕೆ. ಎರಡು ಆಂಪರ್‌ಸ್ಯಾಂಡ್ ಹಾಕಿ ಕಮಾಂಡುಗಳನ್ನು ಜೋಡಿಸುವುದು, ನಿಲುಗೆರೆ ಹಾಕಿ ಒಂದರ ಔಟ್‌ಪುಟ್ ಇನ್ನೊಂದಕ್ಕೆ ಕೊಡುವುದು, ಎಲ್ಲ ಅದರ ಕೈಚಳಕ. ಎಕ್ಸೆಕ್ ಸಾಲಿನಲ್ಲಿ ಆ ಮಧ್ಯವರ್ತಿ ಇಲ್ಲ. ~/ಬಿನ್ ಅಂತ ಬರೆದರೆ ಅದು ಅಕ್ಷರಶಃ ~ ಅನ್ನುವ ಹೆಸರಿನ ಫೋಲ್ಡರನ್ನೇ ಹುಡುಕುತ್ತದೆ. ಎಲ್ಲಿ ಸಿಗಬೇಕು?

ಹಾಗಾಗಿ ಪೂರ್ತಿ ದಾರಿ ಬರೆಯಿರಿ, /ಹೋಮ್/ ಆಮೇಲೆ ನಿಮ್ಮ ಬಳಕೆದಾರ ಹೆಸರು, ಹೀಗೆ. ಶೆಲ್ಲಿನ ಸೌಲಭ್ಯ ಬೇಕೇ ಬೇಕು ಅಂದರೆ ಶೆಲ್ಲನ್ನೇ ಕರೆಯಿರಿ:

ಎಕ್ಸೆಕ್=ಎಸ್‌ಎಚ್ -ಸಿ "ಸ್ಲೀಪ್ 10; ಐಬಸ್-ಡೀಮನ್ -ಡಿಆರ್‌ಎಕ್ಸ್"

ಉದ್ಧರಣ ಚಿಹ್ನೆ ಎರಡೆಳೆಯದ್ದೇ ಆಗಬೇಕು, ಒಂಟಿ ಎಳೆಯದ್ದು ಈ ಸಾಲಿನಲ್ಲಿ ಸಲ್ಲುವುದಿಲ್ಲ. ಶೇಕಡಾ ಚಿಹ್ನೆಗೂ ಇಲ್ಲಿ ಬೇರೆ ಅರ್ಥವಿದೆ. ಡೇಟ್ ಕಮಾಂಡಿಗೆ ಅದನ್ನು ಕೊಡಬೇಕಿದ್ದರೆ ಎರಡೆರಡು ಸಲ ಬರೆಯಬೇಕು. ಡಾಲರ್ ಚಿಹ್ನೆಗೆ ಇನ್ನೂ ವಿಚಿತ್ರ ನಿಯಮಗಳಿವೆ. ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು, ಕಮಾಂಡು ಒಂದು ಸಾಲಿಗಿಂತ ಜಾಸ್ತಿ ಆಗುತ್ತದೆ ಅನ್ನಿಸಿದ ಕೂಡಲೇ ಸ್ಕ್ರಿಪ್ಟ್ ಬರೆದುಬಿಡಿ.

ಸ್ಕ್ರಿಪ್ಟ್ ಬರೆಯುವುದು, ಸ್ವಲ್ಪ ಕಾಯುವುದು

ಹೋಮ್ ಫೋಲ್ಡರಿನಲ್ಲಿ ಬಿನ್ ಅಂತ ಒಂದು ಫೋಲ್ಡರ್ ಮಾಡಿ. ಅದರೊಳಗೆ ಒಂದು ಟೆಕ್ಸ್ಟ್ ಫೈಲು, ಹೆಸರು ಬೆಳಗ್ಗೆ ಅಂತ ಇಂಗ್ಲಿಷಿನಲ್ಲಿ ಏನಾದರೂ ಇಡಿ, ಕೊನೆಗೆ ಡಾಟ್ ಎಸ್‌ಎಚ್. ಮೊದಲ ಸಾಲು ಹ್ಯಾಶ್, ಆಶ್ಚರ್ಯ ಚಿಹ್ನೆ, ಆಮೇಲೆ /ಬಿನ್/ಎಸ್‌ಎಚ್. ಕೆಳಗೆ ಒಂದೊಂದೇ ಕಮಾಂಡು. ಕಿಟಕಿ ತೆರೆದು ಕೂರುವ ಪ್ರೋಗ್ರಾಮುಗಳ ಸಾಲಿನ ಕೊನೆಗೆ ಒಂದು ಆಂಪರ್‌ಸ್ಯಾಂಡ್ ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಮೊದಲನೆಯದನ್ನು ನೀವು ಮುಚ್ಚುವವರೆಗೆ ಎರಡನೆಯದು ಶುರುವಾಗುವುದಿಲ್ಲ. ಆಮೇಲೆ ಟರ್ಮಿನಲ್ಲಿನಲ್ಲಿ ಸಿಎಚ್‌ಮಾಡ್ +ಎಕ್ಸ್ ಕೊಟ್ಟು ಆ ಫೈಲಿಗೆ ಓಡುವ ಅನುಮತಿ ಕೊಡಿ. ಮೊದಲು ಟರ್ಮಿನಲ್ಲಿನಿಂದಲೇ ಓಡಿಸಿ ನೋಡಿ. ಅಲ್ಲಿ ಓಡಿದ ಮೇಲೆ ಪೂರ್ತಿ ದಾರಿಯನ್ನು ಎಕ್ಸೆಕ್ ಸಾಲಿಗೆ ಹಾಕಿ.

ಕಾಯುವ ವಿಷಯ. ಲಾಗಿನ್ ಆದ ಮೊದಲ ಕೆಲವು ಸೆಕೆಂಡು ಡೆಸ್ಕ್‌ಟಾಪಿನಲ್ಲಿ ಮದುವೆ ಮನೆ ಗಲಾಟೆ. ಪ್ಯಾನೆಲ್ ಏಳುತ್ತಿರುತ್ತದೆ, ವೈಫೈ ಇನ್ನೂ ಸಿಕ್ಕಿರುವುದಿಲ್ಲ, ಅಷ್ಟರಲ್ಲೇ ನಿಮ್ಮ ಪ್ರೋಗ್ರಾಮೂ ನುಗ್ಗುತ್ತದೆ. ಪ್ಯಾನೆಲ್ಲಿನಲ್ಲಿ ಚಿಹ್ನೆ ಇಡಬೇಕಾದದ್ದಕ್ಕೆ ಇಡಲು ಜಾಗವೇ ಇರುವುದಿಲ್ಲ. ನೆಟ್ ಬೇಕಾದದ್ದು ಸಂಪರ್ಕ ಇಲ್ಲ ಅಂತ ಮುಖ ಸಿಂಡರಿಸಿ ಕೂರುತ್ತದೆ. ಸ್ಲೀಪ್ 10 ಅಂದರೆ ಹತ್ತು ಸೆಕೆಂಡು ಸುಮ್ನಿರು ಅಂತ. ಹಾರ್ಡ್‌ಡಿಸ್ಕ್ ಇರುವ ಹಳೇ ಯಂತ್ರಕ್ಕೆ 20 ಕೊಡಿ, ಎಸ್‌ಎಸ್‌ಡಿ ಇದ್ದರೆ 5 ಸಾಕಾಗಬಹುದು.

ನೆಟ್‌ಗೆ ಮಾತ್ರ ಸ್ಲೀಪ್ ಒಳ್ಳೆಯ ದಾರಿ ಅಲ್ಲ. ವೈಫೈ ಒಂದು ದಿನ ಮೂರು ಸೆಕೆಂಡಿನಲ್ಲಿ ಸಿಗುತ್ತದೆ, ಇನ್ನೊಂದು ದಿನ ಮೂವತ್ತು. ನೆಟ್‌ವರ್ಕ್‌ಮ್ಯಾನೇಜರ್ ಬಳಸುವ ಡಿಸ್ಟ್ರೊಗಳಲ್ಲಿ ಎನ್‌ಎಂ-ಆನ್‌ಲೈನ್ ಅನ್ನುವ ಪುಟ್ಟ ಕಮಾಂಡ್ ಇದೆ. ಹೈಫನ್ ಕ್ಯೂ ಹಾಕಿ, ಆಮೇಲೆ ಹೈಫನ್ ಟಿ 60 ಅಂತ ಕೊಟ್ಟರೆ ಸಂಪರ್ಕ ಸಿಗುವವರೆಗೆ, ಜಾಸ್ತಿ ಅಂದರೆ ಅರವತ್ತು ಸೆಕೆಂಡು ಕಾಯುತ್ತದೆ. ಸಿಕ್ಕ ಕೂಡಲೇ ಮುಂದಿನ ಸಾಲಿಗೆ ಹೋಗುತ್ತದೆ. ನನ್ನ ಸ್ಕ್ರಿಪ್ಟಿನಲ್ಲಿ ಮೊದಲ ಸಾಲೇ ಇದು, ಎರಡನೇ ಸಾಲು ಫೈಲುಗಳನ್ನು ನೆಟ್ ಮೂಲಕ ಸಿಂಕ್ ಮಾಡುವ ನೆಕ್ಸ್ಟ್‌ಕ್ಲೌಡ್.

ಹಾಗೆಯೇ, ಶುರುವಾಗಲಿ ಆದರೆ ಮುಖದ ಮೇಲೆ ಕಿಟಕಿ ತೆರೆಯುವುದು ಬೇಡ ಅನ್ನಿಸುವುದುಂಟು. ಅದಕ್ಕೆ ಎಲ್ಲರಿಗೂ ಅನ್ವಯಿಸುವ ಒಂದೇ ಮಂತ್ರ ಇಲ್ಲ, ಪ್ರೋಗ್ರಾಮಿನಿಂದ ಪ್ರೋಗ್ರಾಮಿಗೆ ಬೇರೆ. ಪಾಸ್‌ವರ್ಡ್ ಕಾಯ್ದಿಡುವ ಕೀಪಾಸ್‌ಎಕ್ಸ್‌ಸಿಗೆ ಎರಡು ಹೈಫನ್ ಹಾಕಿ ಮಿನಿಮೈಜ್ಡ್, ನೆಕ್ಸ್ಟ್‌ಕ್ಲೌಡಿಗೆ ಎರಡು ಹೈಫನ್ ಬ್ಯಾಕ್‌ಗ್ರೌಂಡ್, ಸ್ಟೀಮಿಗೆ ಒಂದು ಹೈಫನ್ ಸೈಲೆಂಟ್. ಬೇರೆಯದ್ದಕ್ಕೆ ಟರ್ಮಿನಲ್ಲಿನಲ್ಲಿ ಪ್ರೋಗ್ರಾಮಿನ ಹೆಸರಾದ ಮೇಲೆ ಒಂದು ಸ್ಪೇಸ್ ಬಿಟ್ಟು ಎರಡು ಹೈಫನ್ ಹೆಲ್ಪ್ ಅಂತ ಕೊಟ್ಟು ನೋಡಿ.

ಅರ್ಧ ಕಡೆ ಕನ್ನಡ ಬರದ ಕಥೆ

ಈಗ ಆ ಕಥೆ. ಐಬಸ್ ಎದ್ದಿತ್ತು, ಚಿಹ್ನೆಯೂ ಇತ್ತು, ಆದರೆ ಕೆಲವು ಪ್ರೋಗ್ರಾಮುಗಳಲ್ಲಿ ಕನ್ನಡ ಮೂಡುತ್ತಿರಲಿಲ್ಲ. ಪ್ರೋಗ್ರಾಮುಗಳು ಐಬಸ್ ಜೊತೆ ಮಾತಾಡಬೇಕು ಅಂತ ಅವಕ್ಕೆ ಹೇಳುವುದು ಮೂರು ಎನ್ವಿರಾನ್ಮೆಂಟ್ ವೇರಿಯೇಬಲ್‌ಗಳು, ಅಂದರೆ ಪ್ರೋಗ್ರಾಂ ಶುರುವಾಗುವಾಗ ಅದರ ಕೈಗೆ ಸಿಗುವ ಹೆಸರು-ಬೆಲೆ ಚೀಟಿಗಳು. ಜಿಟಿಕೆ, ಐಎಂ, ಮಾಡ್ಯೂಲ್ ಮೂರನ್ನೂ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್ ಇಟ್ಟು ಸೇರಿಸಿದ್ದು ಒಂದು. ಕ್ಯೂಟಿ, ಐಎಂ, ಮಾಡ್ಯೂಲ್ ಇನ್ನೊಂದು. ಈ ಎರಡರ ಬೆಲೆಯೂ ಐಬಸ್. ಎಕ್ಸ್‌ಮಾಡಿಫೈಯರ್ಸ್ ಮೂರನೆಯದು, ಅದಕ್ಕೆ @ಐಎಂ=ಐಬಸ್. ಸರಿ, ನಾನು ಏನು ಮಾಡಿದೆ? ಒಂದು ಸ್ಕ್ರಿಪ್ಟ್ ಬರೆದು, ಎಕ್ಸ್‌ಪೋರ್ಟ್ ಅಂತ ಮೂರು ಸಾಲು ಹಾಕಿ, ಕೆಳಗೆ ಐಬಸ್ ಕಮಾಂಡ್ ಹಾಕಿ, ಆಟೋಸ್ಟಾರ್ಟಿಗೆ ಸೇರಿಸಿದೆ. ಏನೂ ಬದಲಾಗಲಿಲ್ಲ. ಸ್ಲೀಪ್ ಜಾಸ್ತಿ ಮಾಡಿದೆ. ಇಲ್ಲ. ರೀಬೂಟ್. ಇಲ್ಲ.

ಆಮೇಲೆ ಹೊಳೆಯಿತು. ಆಟೋಸ್ಟಾರ್ಟಿನಿಂದ ಏಳುವ ಪ್ರತಿಯೊಂದೂ ಬೇರೆ ಬೇರೆ ಪ್ರೊಸೆಸ್. ಒಂದು ಸ್ಕ್ರಿಪ್ಟಿನೊಳಗೆ ಎಕ್ಸ್‌ಪೋರ್ಟ್ ಮಾಡಿದ್ದು ಆ ಸ್ಕ್ರಿಪ್ಟಿಗೆ ಮತ್ತು ಅದು ಹುಟ್ಟಿಸಿದ ಮಕ್ಕಳಿಗೆ ಮಾತ್ರ ಸೇರುತ್ತದೆ. ಅಪ್ಪ ಮೆನುವಿನಿಂದ ತೆರೆಯುವ ಎಡಿಟರು ಅದರ ಮಗು ಅಲ್ಲ, ಪ್ಯಾನೆಲ್ಲಿನ ಮಗು. ಪಕ್ಕದ ಮನೆಯ ಮಗುವಿಗೆ ನಮ್ಮ ಮನೆಯ ವಿಷಯ ಹೇಗೆ ಗೊತ್ತಾಗಬೇಕು? ಎಲ್ಲರಿಗೂ ಗೊತ್ತಾಗಬೇಕು ಅಂದರೆ ಇಡೀ ಡೆಸ್ಕ್‌ಟಾಪ್ ಹುಟ್ಟುವ ಮೊದಲೇ ಆ ವೇರಿಯೇಬಲ್‌ಗಳು ಇರಬೇಕು.

ಅದಕ್ಕೆ ಜಾಗ ಬೇರೆ. ಡೆಬಿಯನ್ನಿನಲ್ಲಿ ಎಕ್ಸ್11 ಸೆಶನ್ ಆದರೆ ~/.ಎಕ್ಸ್‌ಸೆಶನ್‌ಆರ್‌ಸಿ ಅನ್ನುವ ಫೈಲು. ಉಬುಂಟು, ಮಿಂಟ್‌ಗಳ ಎಕ್ಸ್11 ಸೆಶನ್ ಆದರೆ ~/.ಎಕ್ಸ್‌ಪ್ರೊಫೈಲ್. ಪ್ಲಾಸ್ಮಾದಲ್ಲಿ ~/.ಕಾನ್ಫಿಗ್/ಪ್ಲಾಸ್ಮಾ-ವರ್ಕ್‌ಸ್ಪೇಸ್/ಇಎನ್‌ವಿ ಅನ್ನುವ ಫೋಲ್ಡರಿನೊಳಗೆ ಡಾಟ್ ಎಸ್‌ಎಚ್ ಫೈಲು ಇಟ್ಟರೆ ಡೆಸ್ಕ್‌ಟಾಪ್ ಏಳುವ ಮೊದಲೇ ಅದನ್ನು ಓದುತ್ತದೆ. ಅಪ್ಪನದ್ದು ಡೆಬಿಯನ್, ಹಾಗಾಗಿ ಮೂರು ಸಾಲನ್ನು ~/.ಎಕ್ಸ್‌ಸೆಶನ್‌ಆರ್‌ಸಿಗೆ ಸಾಗಿಸಿದೆ, ಐಬಸ್ ಕಮಾಂಡ್ ಮಾತ್ರ ಆಟೋಸ್ಟಾರ್ಟಿನಲ್ಲೇ ಬಿಟ್ಟೆ. ಅಪ್ಪ ನುಡಿಯಲ್ಲಿ ಅಭ್ಯಾಸ ಮಾಡಿಕೊಂಡಿದ್ದ ಕೆಜಿಪಿ ವಿನ್ಯಾಸ ಎಲ್ಲ ಕಡೆ ಬಂತು, ಬೆಳಗಿನ ಫೋನೂ ನಿಂತಿತು.

ನಿಜ ಹೇಳಬೇಕಂದರೆ ಇಷ್ಟೆಲ್ಲ ಬೇಕಿರಲಿಲ್ಲ. ಐಎಂ-ಕಾನ್ಫಿಗ್ ಅನ್ನುವ ಟೂಲ್ ಇದ್ದಿದ್ದರೆ ವೇರಿಯೇಬಲ್ಲೂ ಅದೇ ಇಡುತ್ತಿತ್ತು, ಐಬಸ್ಸೂ ಅದೇ ಎಬ್ಬಿಸುತ್ತಿತ್ತು. ಹಳೇ ಲ್ಯಾಪ್‌ಟಾಪು, ಜಾಗ ಉಳಿಸೋಣ ಅಂತ ಶಿಫಾರಸಿನ ಪ್ಯಾಕೇಜುಗಳನ್ನು ಬಿಟ್ಟು ಐಬಸ್ ಒಂದನ್ನೇ ಹಾಕಿದ ಜಾಣ ನಾನೇ. ಗ್ನೋಮ್ ಬಳಸುವವರಿಗೆ ಅದೂ ಬೇಡ, ಅದು ಐಬಸ್ ಅನ್ನು ತಾನೇ ನೋಡಿಕೊಳ್ಳುತ್ತದೆ. ಪ್ಲಾಸ್ಮಾ ವೇಲ್ಯಾಂಡಿನಲ್ಲಿ ಐಬಸ್ ಥರದ್ದೇ ಆದ ಎಫ್‌ಸಿಐಟಿಎಕ್ಸ್5 ಬಳಸುವವರು ಆಟೋಸ್ಟಾರ್ಟ್ ಬಿಟ್ಟು, ಸಿಸ್ಟಮ್ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟದಲ್ಲಿ ಅದನ್ನು ಆರಿಸಿ.

ಬೇಡದ್ದನ್ನು ನಿಲ್ಲಿಸುವುದು

ನೀವು ಸೇರಿಸದೆಯೂ ಒಂದಷ್ಟು ಏಳುತ್ತಿರುತ್ತವೆ. ಅವು ಇರುವುದು /ಇಟಿಸಿ/ಎಕ್ಸ್‌ಡಿಜಿ/ಆಟೋಸ್ಟಾರ್ಟ್ ಒಳಗೆ, ಇಡೀ ಯಂತ್ರಕ್ಕೆ ಸೇರಿದ ಫೋಲ್ಡರ್. ಅಲ್ಲಿ ಹೋಗಿ ಅಳಿಸಬೇಡಿ. ಅಳಿಸಿದರೆ ಆ ಯಂತ್ರ ಬಳಸುವ ಎಲ್ಲರಿಗೂ ಹೋಗುತ್ತದೆ, ಕೆಲವು ಡಿಸ್ಟ್ರೊಗಳಲ್ಲಿ ಮುಂದಿನ ಅಪ್‌ಡೇಟಿಗೆ ಮತ್ತೆ ಬಂದು ಕೂರುತ್ತದೆ. ಬದಲಿಗೆ ಆ ಫೈಲನ್ನು ಅದೇ ಹೆಸರಿನಲ್ಲಿ ನಿಮ್ಮ ~/.ಕಾನ್ಫಿಗ್/ಆಟೋಸ್ಟಾರ್ಟ್ ಒಳಗೆ ಕಾಪಿ ಮಾಡಿ, ಕೊನೆಗೆ ಹಿಡನ್=ಟ್ರೂ ಅಂತ ಒಂದು ಸಾಲು ಸೇರಿಸಿ. ಒಂದೇ ಹೆಸರಿನ ಎರಡು ಫೈಲಿದ್ದರೆ ನಿಮ್ಮದಕ್ಕೇ ಮರ್ಯಾದೆ ಜಾಸ್ತಿ. ಅಪ್ಪನ ಲ್ಯಾಪ್‌ಟಾಪಿನಲ್ಲಿ ಬ್ಲೂಟೂತೇ ಇಲ್ಲ, ಆದರೂ ಬ್ಲೂಮನ್ ದಿನಾ ಏಳುತ್ತಿತ್ತು. ಹೀಗೇ ಮಲಗಿಸಿದೆ.

ಎಕ್ಸ್‌ಎಫ್‌ಸಿಇಯಲ್ಲಿ ಸುಮ್ನೆ ಟಿಕ್ ತೆಗೆದರೂ ಆಗುವುದು ಇದೇ. ಉಬುಂಟುವಿನ ಕಿಟಕಿಯಲ್ಲಿ ಮಾತ್ರ ಈ ಯಂತ್ರಕ್ಕೆ ಸೇರಿದವುಗಳಲ್ಲಿ ಹಲವು ಕಾಣುವುದೇ ಇಲ್ಲ, ಯಾಕೆ ಅಂದರೆ ಅವುಗಳ ಫೈಲಿನಲ್ಲಿ ನೋಡಿಸ್‌ಪ್ಲೇ=ಟ್ರೂ ಅಂತ ಬರೆದಿರುತ್ತದೆ. ನಿಲ್ಲಿಸುವುದಕ್ಕೂ ಈ ಕೀಲಿಗೂ ಸಂಬಂಧವಿಲ್ಲ, ಪಟ್ಟಿಯಲ್ಲಿ ಕಾಣದಂತೆ ಮಾಡುತ್ತದೆ ಅಷ್ಟೇ. ಹಿಡನ್ ಬೇರೆ, ನೋಡಿಸ್‌ಪ್ಲೇ ಬೇರೆ.

ಹುರುಪಿನಲ್ಲಿ ಎಲ್ಲ ಟಿಕ್ ತೆಗೆಯಬೇಡಿ. ಪೋಲ್‌ಕಿಟ್ ಅಂತ ಹೆಸರಿರುವುದನ್ನು ಒಮ್ಮೆ ನಾನು, ಇದೇನೋ ಬೇಡದ್ದು ಅಂತ ತೆಗೆದುಬಿಟ್ಟೆ. ಮಾರನೇ ದಿನದಿಂದ ಪಾಸ್‌ವರ್ಡ್ ಕೇಳುವ ಕಿಟಕಿಯೇ ಮಾಯ. ಅಪ್‌ಡೇಟ್ ಒತ್ತಿದರೆ ಏನೂ ಆಗುತ್ತಿರಲಿಲ್ಲ, ಒಳಗಿನ ಇನ್ನೊಂದು ಪಾರ್ಟಿಶನ್ ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನುತ್ತಿತ್ತು. ಕೀರಿಂಗ್, ಪಲ್ಸ್‌ಆಡಿಯೋ, ಪೈಪ್‌ವೈರ್ ಇವನ್ನೂ ಮುಟ್ಟಬೇಡಿ.

ಬರೀ ವಿಂಡೋ ಮ್ಯಾನೇಜರ್ ಇಟ್ಟುಕೊಂಡವರಿಗೆ

ಪೂರ್ತಿ ಡೆಸ್ಕ್‌ಟಾಪ್ ಬೇಡ, ಕಿಟಕಿಗಳನ್ನು ಜೋಡಿಸುವ ಪ್ರೋಗ್ರಾಂ ಒಂದಿದ್ದರೆ ಸಾಕು ಅನ್ನುವವರೂ ಇದ್ದಾರೆ. ಅವರಲ್ಲಿ ಐ3 ಬಳಸುವವರು ಕಾನ್ಫಿಗ್ ಫೈಲಿನಲ್ಲಿ ಎಕ್ಸೆಕ್ ಅಂತ ಬರೆದು, ಎರಡು ಹೈಫನ್ ಹಾಕಿ ನೋ-ಸ್ಟಾರ್ಟಪ್-ಐಡಿ ಸೇರಿಸಿ, ಮುಂದೆ ಕಮಾಂಡ್ ಬರೆಯುತ್ತಾರೆ. ಎಕ್ಸೆಕ್_ಆಲ್ವೇಸ್ ಅಂತ ಇನ್ನೊಂದಿದೆ, ಅದು ಐ3 ರೀಸ್ಟಾರ್ಟ್ ಆದಾಗಲೆಲ್ಲ ಮತ್ತೆ ಓಡುತ್ತದೆ. ಪ್ಯಾನೆಲ್ಲಿನಲ್ಲಿ ಒಂದೇ ಚಿಹ್ನೆ ನಾಲ್ಕು ನಾಲ್ಕು ಕಾಣುತ್ತಿದ್ದರೆ ಅದೇ ಕಾರಣ ಇರಬಹುದು. ಐ3 ತಾನಾಗಿ ಆಟೋಸ್ಟಾರ್ಟ್ ಫೋಲ್ಡರ್ ನೋಡುವುದಿಲ್ಲ, ಡೆಕ್ಸ್ ಅನ್ನುವ ಪುಟ್ಟ ಟೂಲನ್ನು ಅದರಿಂದ ಕರೆಸಿದರೆ ಆ ಫೈಲುಗಳೂ ಓಡುತ್ತವೆ. ಓಪನ್‌ಬಾಕ್ಸಿನಲ್ಲಿ ~/.ಕಾನ್ಫಿಗ್/ಓಪನ್‌ಬಾಕ್ಸ್/ಆಟೋಸ್ಟಾರ್ಟ್ ಅನ್ನುವುದು ಫೋಲ್ಡರಲ್ಲ, ಒಂದು ಶೆಲ್ ಸ್ಕ್ರಿಪ್ಟು. ಪ್ರತಿ ಸಾಲಿನ ಕೊನೆಗೆ ಆಂಪರ್‌ಸ್ಯಾಂಡ್.

ರಾಸ್ಪ್‌ಬೆರಿ ಪೈ ಇಟ್ಟುಕೊಂಡವರು ಹಳೇ ಲೇಖನಗಳನ್ನು ನೋಡಿ ಮೋಸ ಹೋಗಬೇಡಿ. ಅವು ಹೇಳುವ ಎಲ್‌ಎಕ್ಸ್‌ಸೆಶನ್ ಫೋಲ್ಡರ್ ಹಿಂದಿನ ಎಲ್‌ಎಕ್ಸ್‌ಡಿಇ ಕಾಲದ್ದು. 2024ರ ಅಕ್ಟೋಬರಿನಿಂದ ಅದರ ಡೆಸ್ಕ್‌ಟಾಪ್ ಲ್ಯಾಬ್‌ಡಬ್ಲ್ಯೂಸಿ ಮೇಲೆ ಓಡುತ್ತಿದೆ, ಹಾಗಾಗಿ ~/.ಕಾನ್ಫಿಗ್/ಲ್ಯಾಬ್‌ಡಬ್ಲ್ಯೂಸಿ/ಆಟೋಸ್ಟಾರ್ಟ್ ಫೈಲಿನಲ್ಲಿ ಬರೆಯಬೇಕು.

ಬಿದ್ದರೂ ಮತ್ತೆ ಏಳಬೇಕು ಅಂದರೆ

ಆಟೋಸ್ಟಾರ್ಟ್ ಒಂದು ಸಲ ಎಬ್ಬಿಸಿ ಕೈ ತೊಳೆದುಕೊಳ್ಳುತ್ತದೆ. ಮಧ್ಯಾಹ್ನ ಪ್ರೋಗ್ರಾಂ ಕ್ರ್ಯಾಶ್ ಆದರೆ ಮತ್ತೆ ಎಬ್ಬಿಸುವುದಿಲ್ಲ. ಹಿನ್ನೆಲೆಯಲ್ಲಿ ಸದಾ ಓಡಬೇಕಾದ ಸಿಂಕ್‌ಥಿಂಗ್ (ಯಂತ್ರಗಳ ನಡುವೆ ಫೈಲು ಸಿಂಕ್ ಮಾಡುವುದು) ಥರದ್ದಕ್ಕೆ ಸಿಸ್ಟಮ್‌ಡಿ ಬಳಕೆದಾರ ಸೇವೆ ಒಳ್ಳೆಯದು. ಸಿಸ್ಟಮ್‌ಡಿ ಅಂದರೆ ಲಿನಕ್ಸಿನಲ್ಲಿ ಹಿನ್ನೆಲೆ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ವ್ಯವಸ್ಥೆ. ಸಿಂಕ್‌ಥಿಂಗಿಗೆ ಬೇಕಾದ ಸೇವಾ ಫೈಲು ಹಲವು ಡಿಸ್ಟ್ರೊಗಳಲ್ಲಿ ಪ್ಯಾಕೇಜಿನ ಜೊತೆಗೇ ಬರುತ್ತದೆ. ಸಿಸ್ಟಮ್‌ಸಿಟಿಎಲ್ --ಯೂಸರ್ ಎನೇಬಲ್ --ನೌ ಸಿಂಕ್‌ಥಿಂಗ್ ಅಂದರೆ ಆಯಿತು, ಶುರುವಿನಲ್ಲಿ ಸೂಡೊ ಹಾಕಬೇಡಿ.

ನಿಮ್ಮದೇ ಪ್ರೋಗ್ರಾಂ ಆದರೆ ~/.ಕಾನ್ಫಿಗ್/ಸಿಸ್ಟಮ್‌ಡಿ/ಯೂಸರ್ ಒಳಗೆ ಡಾಟ್ ಸರ್ವಿಸ್ ಫೈಲು ಬರೆಯಿರಿ. ಸರ್ವಿಸ್ ಭಾಗದಲ್ಲಿ ಎಕ್ಸೆಕ್‌ಸ್ಟಾರ್ಟ್ ಮತ್ತು ರೀಸ್ಟಾರ್ಟ್=ಆನ್-ಫೇಲ್ಯೂರ್, ಇನ್‌ಸ್ಟಾಲ್ ಭಾಗದಲ್ಲಿ ವಾಂಟೆಡ್‌ಬೈ=ಡಿಫಾಲ್ಟ್.ಟಾರ್ಗೆಟ್. ಕಿಟಕಿ ತೆರೆಯುವ ಪ್ರೋಗ್ರಾಂ ಆದರೆ ಡಿಫಾಲ್ಟ್ ಬದಲು ಗ್ರಾಫಿಕಲ್-ಸೆಶನ್.ಟಾರ್ಗೆಟ್ ಹಾಕಿ. ಇದು ಗ್ನೋಮ್, ಪ್ಲಾಸ್ಮಾಗಳಲ್ಲಿ ಚೆನ್ನಾಗಿ ನಡೆಯುತ್ತದೆ, ಸಣ್ಣ ಡೆಸ್ಕ್‌ಟಾಪುಗಳಲ್ಲಿ ಕೆಲವೊಮ್ಮೆ ಆ ಟಾರ್ಗೆಟ್ ಶುರುವಾಗುವುದೇ ಇಲ್ಲ.

ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್ ಒಳಗೆ @ರೀಬೂಟ್ ಅಂತ ಬರೆದು ಕಿಟಕಿ ಇರುವ ಪ್ರೋಗ್ರಾಂ ಎಬ್ಬಿಸಲು ನೋಡುವವರಿದ್ದಾರೆ. ಅದು ಓಡುವುದು ನೀವು ಲಾಗಿನ್ ಆಗುವ ಮೊದಲೇ. ಪರದೆಯೇ ಇಲ್ಲದಾಗ ಕಿಟಕಿ ಎಲ್ಲಿ ತೆರೆಯಬೇಕು?

ಏಳಲಿಲ್ಲ, ಯಾಕೆ?

ಲಾಗೌಟ್ ಲಾಗಿನ್ ಮಾಡುತ್ತಾ ಕೂರಬೇಡಿ. ಜಿಐಒ ಲಾಂಚ್ ಅಂತ ಹಾಕಿ ಆ ಡಾಟ್ ಡೆಸ್ಕ್‌ಟಾಪ್ ಫೈಲಿನ ದಾರಿ ಕೊಟ್ಟರೆ ಅಲ್ಲೇ ಓಡಿಸಿ ನೋಡಬಹುದು. ಡೆಸ್ಕ್‌ಟಾಪ್-ಫೈಲ್-ವ್ಯಾಲಿಡೇಟ್ ಅನ್ನುವ ಕಮಾಂಡ್ ಫೈಲಿನ ಕಾಗುಣಿತ ತಪ್ಪು ಹಿಡಿದು ಕೊಡುತ್ತದೆ. ಎರಡೂ ಸರಿ ಅಂದರೆ, ಆದರೂ ಲಾಗಿನ್ನಲ್ಲಿ ಏಳುತ್ತಿಲ್ಲ ಅಂದರೆ, ಜರ್ನಲ್‌ಸಿಟಿಎಲ್ --ಯೂಸರ್ -ಬಿ ಅಂತ ಕೊಟ್ಟು ಈ ಸಲ ಬೂಟ್ ಆದ ಮೇಲಿನ ದಾಖಲೆ ಓದಿ. ಎಕ್ಸ್11 ಆದರೆ ಹೋಮ್ ಫೋಲ್ಡರಿನ .ಎಕ್ಸ್‌ಸೆಶನ್-ಎರರ್ಸ್ ಫೈಲೂ ನೋಡಿ. ಈಚಿನ ಗ್ನೋಮ್, ಪ್ಲಾಸ್ಮಾಗಳಲ್ಲಿ ಆಟೋಸ್ಟಾರ್ಟ್ ಫೈಲುಗಳನ್ನೇ ಸಿಸ್ಟಮ್‌ಡಿ ಸೇವೆಗಳಾಗಿ ಬದಲಾಯಿಸಿ ಓಡಿಸುತ್ತಾರೆ. ಹಾಗಾಗಿ ದಾಖಲೆಯಲ್ಲಿ @ಆಟೋಸ್ಟಾರ್ಟ್ ಅಂತ ಬಾಲ ಇರುವ ಹೆಸರು ಹುಡುಕಿದರೆ ನಿಮ್ಮದು ಸಿಗುತ್ತದೆ.

ಕಮಾಂಡ್ ಸಿಗಲಿಲ್ಲ ಅನ್ನುವ ತಪ್ಪು ಬಂದರೆ ಬಹುತೇಕ ಅದು ಪಾತ್ ಸಮಸ್ಯೆ, ಅಂದರೆ ಕಮಾಂಡನ್ನು ಯಾವ ಫೋಲ್ಡರುಗಳಲ್ಲಿ ಹುಡುಕಬೇಕು ಅನ್ನುವ ಪಟ್ಟಿಯದ್ದು. .ಬ್ಯಾಶ್‌ಆರ್‌ಸಿ ಒಳಗೆ ನೀವು ಸೇರಿಸಿದ್ದು ಟರ್ಮಿನಲ್ಲಿಗೆ ಮಾತ್ರ ಗೊತ್ತು, ಡೆಸ್ಕ್‌ಟಾಪ್ ಅದನ್ನು ಓದುವುದಿಲ್ಲ. ಪೂರ್ತಿ ದಾರಿ ಬರೆದರೆ ಹೋಯಿತು.

ಎರಡೆರಡು ಸಲ ಏಳುತ್ತಿದೆಯಾ? ಎಕ್ಸ್‌ಎಫ್‌ಸಿಇಯಲ್ಲಿ ಲಾಗೌಟ್ ಕಿಟಕಿಯ ಕೆಳಗೆ ಸೆಶನ್ ಉಳಿಸುವ ಟಿಕ್ ಇದೆ. ಅದು ಬಿದ್ದಿದ್ದರೆ ಹಿಂದಿನ ಸಲ ತೆರೆದಿದ್ದದ್ದೂ ಬರುತ್ತದೆ, ಆಟೋಸ್ಟಾರ್ಟಿನದ್ದೂ ಬರುತ್ತದೆ. ಟಿಕ್ ತೆಗೆದು ~/.ಕ್ಯಾಶ್/ಸೆಶನ್ಸ್ ಒಳಗಿನದ್ದನ್ನು ಅಳಿಸಿ. ಆ ಕ್ಯಾಶ್ ಅಂದರೆ ಸಿ, ಎ, ಸಿ, ಎಚ್, ಇ.

ತೀರಾ ಕೆಟ್ಟ ಗತಿ, ಸೇರಿಸಿದ್ದೇನೋ ಒಂದರಿಂದ ಡೆಸ್ಕ್‌ಟಾಪೇ ನಿಂತುಹೋದರೆ, ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ಎಂವಿ ಕಮಾಂಡ್ ಕೊಟ್ಟು ಆಟೋಸ್ಟಾರ್ಟ್ ಫೋಲ್ಡರಿನ ಹೆಸರು ಬದಲಾಯಿಸಿ ರೀಬೂಟ್ ಮಾಡಿ. ಈ ಸಲ ನೀವು ಸೇರಿಸಿದ್ದು ಯಾವುದೂ ಏಳುವುದಿಲ್ಲ, ಡೆಸ್ಕ್‌ಟಾಪ್ ಬರುತ್ತದೆ. ಆಮೇಲೆ ಒಂದೊಂದೇ ಫೈಲು ವಾಪಸ್ ಹಾಕುತ್ತಾ ಕಳ್ಳ ಯಾರು ಅಂತ ಹಿಡಿಯಿರಿ.

ಹೊಸ ಲ್ಯಾಪ್‌ಟಾಪಿಗೆ ಹೋಗುವಾಗ ಈ ಫೋಲ್ಡರನ್ನು ಹಾಗೇ ಕಾಪಿ ಮಾಡಿಕೊಂಡು ಹೋಗಬಹುದು. ಆದರೆ ಎಕ್ಸೆಕ್ ಸಾಲಿನಲ್ಲಿ ಪೂರ್ತಿ ದಾರಿ ಬರೆದಿರುತ್ತೇವಲ್ಲ, ಅದರಲ್ಲಿ ಹಳೇ ಬಳಕೆದಾರ ಹೆಸರು ಇರುತ್ತದೆ. ಹೊಸದರಲ್ಲಿ ಬೇರೆ ಹೆಸರು ಇಟ್ಟಿದ್ದರೆ ಅಷ್ಟನ್ನು ತಿದ್ದಿಕೊಳ್ಳಿ. ಬಿನ್ ಫೋಲ್ಡರನ್ನೂ ಜೊತೆಗೆ ಕಾಪಿ ಮಾಡಿ, ಪೆನ್‌ಡ್ರೈವ್ ಮೂಲಕ ತಂದಿದ್ದರೆ ಸಿಎಚ್‌ಮಾಡ್ ಇನ್ನೊಮ್ಮೆ ಕೊಡಿ. ಹೆಚ್ಚಿನ ಪೆನ್‌ಡ್ರೈವುಗಳ ಫೈಲ್‌ಸಿಸ್ಟಮಿಗೆ ಓಡುವ ಅನುಮತಿ ಅನ್ನುವುದು ಗೊತ್ತೇ ಇಲ್ಲ.